ಅಪ್ಪನ ಕ್ಲಾರ್ನೆಟ್ಟಿನ ದೋಷ

ತವರಿನ ಆಸ್ತಿಯಲ್ಲಿ ನನಗೇನೂ ಬೇಡ ಎಂದು ಬ್ಯಾಡಗಿಯ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದ ದಿನ ನಾನು ಒಳಗೊಳಗೇ ಬೀಗುತ್ತಿದ್ದೆ. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಉಳಿದದ್ದು ಮೆಣಸಿನಕಾಯಿ ದಲಾಲಿ ಅಂಗಡಿ, ಒಂದು ಮನೆ, ಒಂದಿಷ್ಟು ಹೊಲ, ಮತ್ತು ನಾವಿಬ್ಬರು ಮಕ್ಕಳು. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಓದು ಮುಗಿದಾಗಿನಿಂದ ಅಪ್ಪನ ಜೊತೆ ಅಂಗಡಿಯಲ್ಲಿ ಕೂತವನು ಅವನೇ. ನಾನು ಹಾವೇರಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುವ ಅಕ್ಕೋರು. ನನಗೆ ಸಂಬಳವಿದೆ, ಗಂಡನಿಗೆ ಪಿಂಚಣಿಯಿದೆ. ಹಕ್ಕು ಬಿಟ್ಟುಕೊಡು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಹೇಳಿದ್ದು. ಹೇಳಿ, ನಾಲ್ಕು ಜನರ ಬಾಯಲ್ಲಿ "ಅಕ್ಕ ಅಂದ್ರ ಹಿಂಗಿರಬೇಕು ನೋಡ್ರಿ" ಅನ್ನಿಸಿಕೊಂಡು, ಆ ಮಾತನ್ನು ಪೆಪ್ಪರಮಿಂಟಿನಂತೆ ಚೀಪುತ್ತ ಕೂತಿದ್ದೆ.

ನಮ್ಮ ಕಡೆ ಹೆಣ್ಣುಮಗಳು ಹೀಗೆ ಹಕ್ಕು ಬಿಟ್ಟುಕೊಟ್ಟರೆ ಅವಳಿಗೊಂದು ಒಳ್ಳೆಯ ಸೀರೆ ಉಡಿಸಿ, ಉಡಿ ತುಂಬಿ ಕಳಿಸುತ್ತಾರೆ. ತಮ್ಮನ ಹೆಂಡತಿ ಇಳಕಲ್ ಸೀರೆ ತಂದಿಟ್ಟಿದ್ದಳು. ತಮ್ಮ ಒಂದು ಉಂಗುರವನ್ನೂ ಮಾಡಿಸಿದ್ದ. ನಾನು ಉಡಿ ಮಾತ್ರ ತುಂಬಿಸಿಕೊಂಡು ಉಳಿದದ್ದನ್ನು ಪಕ್ಕಕ್ಕೆ ಸರಿಸಿದೆ.

"ಸೀರಿ ನನಗ ರಗಡ ಅದಾವು. ಅಪ್ಪನ ಕ್ಲಾರ್ನೆಟ್ ಐತೆಲ್ಲ, ಅದನ್ನ ಕೊಡು. ಅಷ್ಟ ಸಾಕು" ಎಂದೆ.

"ಅದನ್ನ ಒಯ್ದು ಏನ್ ಮಾಡ್ತಿ ಅಕ್ಕಾ? ಊದಾಕ ಬರ್ತೈತೇನು ನಿನಗ?" ಎಂದು ಅವನು ನಕ್ಕ. ನಗುತ್ತಲೇ ದೇವರ ಕೋಣೆಯ ಗೋಡೆಯ ಮಾಡಿನಿಂದ ಇಳಿಸಿ, ಧೂಳು ಒರೆಸಿ, ನನ್ನ ಕೈಗಿಟ್ಟ. ಆ ನಗುವಿನಲ್ಲಿ ಕಪಟವಿರಲಿಲ್ಲ. ನನ್ನಲ್ಲೂ ಇರಲಿಲ್ಲ. ಇದನ್ನು ಈಗ ಬರೆದು ಹೇಳಬೇಕಾಗಿ ಬಂದಿದೆಯಲ್ಲ, ಅದೇ ನನಗೆ ಸಂಕಟ.

ಅದು ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ಒಂದು ಗೇಣು ಹೆಚ್ಚು. ಕರೀ ಮೈ, ಅದರ ತುಂಬ ಬಿಳೀ ಲೋಹದ ಕೀಲಿಗಳು, ತುಂಡುಗಳು ಕೂಡುವಲ್ಲಿ ಬಿಳೀ ಬಳೆಗಳು, ಕೆಳಗೆ ಗಂಟೆಯಂತೆ ಅರಳಿದ ಬಾಯಿ. ಅಪ್ಪನ ಸೋದರಮಾವ ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಯಾವುದೋ ಸಣ್ಣ ನೌಕರಿಯಲ್ಲಿದ್ದವನು. ಇಂಗ್ಲಿಷರು ಗಂಟುಮೂಟೆ ಕಟ್ಟಿದಾಗ ಅವರ ಪಲ್ಟನ್ನಿನ ಬ್ಯಾಂಡಿನ ಸಾಮಾನುಗಳ ಲಿಲಾವು, ಅಂದರೆ ಹರಾಜು, ಆಯಿತಂತೆ. ಅಲ್ಲಿ ಇದನ್ನು ಹಿಡಿದು ತಂದಿದ್ದ. ಅವನಿಗೆ ಮಕ್ಕಳಿರಲಿಲ್ಲ, ಸೋದರಳಿಯನ ಕೈಗೆ ಕೊಟ್ಟ. ಅಪ್ಪ ಅದನ್ನು ಬ್ಯಾಡಗಿಯ ಮದುವೆ ಬ್ಯಾಂಡಿನ ಒಬ್ಬನಿಂದ ಕಲಿತ. ಮಹಾನವಮಿಯ ದಿನ ಅಂಗಡಿಯ ತಕ್ಕಡಿ, ತೂಕದ ಕಲ್ಲುಗಳ ಸಾಲಿನಲ್ಲಿ ಅದನ್ನೂ ಇಟ್ಟು ಎಣ್ಣೆ ಸವರಿ, ವಿಭೂತಿ ಎಳೆದು, ಕುಂಕುಮ ಹಚ್ಚುತ್ತಿದ್ದ. ಒಂದು ವರ್ಷವೂ ತಪ್ಪಿಸಿದವನಲ್ಲ.

ಸಂಜೆ ಪೇಟೆ ಮುಗಿದ ಮೇಲೆ ಅಪ್ಪ ಮಾಳಿಗೆ ಹತ್ತಿ ಒಬ್ಬನೇ ಊದುತ್ತಿದ್ದ. ಒಬ್ಬನೇ ಇದ್ದಾಗ ಎಷ್ಟು ಚೆಂದ ಊದುತ್ತಿದ್ದ ಎಂಬುದನ್ನು ನಾನು ಹೇಗೆ ಹೇಳಲಿ? ನಮ್ಮ ಓಣಿಯಲ್ಲಿ ನೀರಿನ ಸರದಿಗೆ ನಿಂತ ಹೆಂಗಸರು ಕೊಡ ತುಂಬಿದ್ದೂ ಗೊತ್ತಾಗದೆ ನಿಲ್ಲುತ್ತಿದ್ದರು. ಆದರೆ ನಾಲ್ಕು ಜನರೊಳಗೆ ಕೂತರೆ ಅಪ್ಪನ ಊದು ಕೆಟ್ಟುಹೋಗುತ್ತಿತ್ತು. ಮದುವೆಗೆ ಮೊದಲು ರಾಣೇಬೆನ್ನೂರಿನಲ್ಲಿ ಒಂದು ನಾಟಕ ಕಂಪನಿ ಬೀಡುಬಿಟ್ಟಾಗ ಅಲ್ಲಿ ಸೇರಬೇಕೆಂದು ಹೋಗಿದ್ದನಂತೆ. ಹಾರ್ಮೋನಿಯಂ ಮಾಸ್ತರ ಒಂದು ಪದ ಹಿಡಿದು, ಅಪ್ಪನಿಗೆ ಶ್ರುತಿ ಕೂಡಿಸು ಎಂದ. ಕೂಡಲಿಲ್ಲ. ಮತ್ತೊಮ್ಮೆ ಹಿಡಿದರೂ ಕೂಡಲಿಲ್ಲ. "ಇದರಾಗ ಏನರ ದೋಷ ಐತೇನೋ ಮಾಸ್ತರ" ಎಂದು ಅಪ್ಪ ಮೆಲ್ಲಗೆ ಅಂದರೆ, ಮಾಸ್ತರ ಎಲ್ಲರ ಮುಂದೆ "ಕುಣಿಲಾರದಾಕಿ ನೆಲಾ ಡೊಂಕು ಅಂದಳಂತ" ಎಂದನಂತೆ. ಇಡೀ ಕಂಪನಿ ನಕ್ಕಿತು. ಈ ಕಥೆಯನ್ನು ಅಪ್ಪ ನಮಗೆ ತಾನೇ ನಗುನಗುತ್ತ ಹೇಳುತ್ತಿದ್ದ. ತನ್ನನ್ನು ತಾನೇ ಆಡಿಕೊಂಡು ನಗುವವರ ಒಳಗೆ ಏನಿರುತ್ತದೆ ಎಂದು ಮಕ್ಕಳಿಗೆ ತಿಳಿಯುವುದಿಲ್ಲ.

ನನಗೆ ಸ್ವಲ್ಪ ತಿಳಿದದ್ದು ಐದನೆಯ ಇಯತ್ತೆಯಲ್ಲಿದ್ದಾಗ. ತಮ್ಮ ಆಗ ತೊಟ್ಟಿಲ ಕೂಸು. ಬಸವಣ್ಣನ ಗುಡಿಯ ಸೋಮವಾರದ ಭಜನೆಗೆ ಯಾರೋ ಒತ್ತಾಯ ಮಾಡಿ ಅಪ್ಪನನ್ನು ಕ್ಲಾರ್ನೆಟ್ ಸಮೇತ ಕರೆದೊಯ್ದರು. ಒಂದು ಪದ ಅರ್ಧಕ್ಕೆ ಬಂದಿರಬಹುದು, ಹಾರ್ಮೋನಿಯಂ ಹಿಡಿದಿದ್ದ ಅರಿವೆ ಅಂಗಡಿಯವ ಎರಡೂ ಕೈ ಎತ್ತಿ ಗುಡಿಯ ತೊಲೆ ನೋಡುತ್ತ ಕೂತುಬಿಟ್ಟ. ಗಂಡಸರು ಕಿಸಕ್ಕನೆ ನಕ್ಕರು. ಹೆಂಗಸರ ಸಾಲಿನಲ್ಲಿದ್ದ ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಅಪ್ಪ ಕ್ಲಾರ್ನೆಟ್ಟನ್ನು ಧೋತರದ ಚುಂಗಿನಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡು, ಭಜನೆ ಮುಗಿಯುವವರೆಗೂ ಚಪ್ಪಾಳೆ ತಟ್ಟಿದ. ಎದ್ದು ಹೋಗಿದ್ದರೆ ನನಗೆ ಅಷ್ಟು ಕೆಟ್ಟದೆನಿಸುತ್ತಿರಲಿಲ್ಲ. ಅಲ್ಲಿಂದ ಮುಂದೆ ಅವನು ಜನರೊಳಗೆ ಊದಲಿಲ್ಲ. ನಾನು ಅದನ್ನು ಕೇಳಿ ತಂದದ್ದು ಆ ಚಪ್ಪಾಳೆಯ ನೆನಪಿಗೆ, ಮಾಳಿಗೆಯ ಸಂಜೆಗಳ ನೆನಪಿಗೆ. ಬೇರೆ ಕಾರಣವಿರಲಿಲ್ಲ.

ಆಷಾಢದ ಒಂದು ದಿನ ತಮ್ಮನ ಫೋನು ಬಂತು.

"ಅಕ್ಕಾ, ಒಂದು ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ."

"ನಾ ಯಾವಾಗ ಸಿಟ್ಟಾಗೇನೋ?" ಎಂದೆ. ಇದು ಶುದ್ಧ ಸುಳ್ಳು. ನಮ್ಮ ವಂಶದ ಸಿಟ್ಟನ್ನೆಲ್ಲ ದೇವರು ನನ್ನೊಬ್ಬಳ ಮೂಗಿನ ತುದಿಗೇ ತಂದಿಟ್ಟಿದ್ದಾನೆ.

"ಮುಂಬೈದಿಂದ ಮಸಾಲಿ ವ್ಯಾಪಾರಿ ಒಬ್ಬರು ಬಂದಿದ್ರು. ನನ್ನ ಮೊಬೈಲಿನಾಗ ನವಮಿ ಪೂಜಾದ ಫೋಟೊ ನೋಡಿದ್ರು. ಅದರಾಗ ಅಪ್ಪನ ಕ್ಲಾರ್ನೆಟ್ ಐತಿ. ಅದು ಇಂಗ್ಲೀಷರ ಕಾಲದ್ದು, ಕರೀಮರದ್ದು, ಅದಕ್ಕ ಹಾಕಿದ ಬಳಿ ಎಲ್ಲಾ ಹಸ್ತಿದಂತದ್ದು, ಲಕ್ಷಗಟ್ಟಲೆ ಬೆಲಿ ಐತಿ ಅಂದ್ರು. ನಿನಗ ಮೊದಲ ಗೊತ್ತಿತ್ತೇನು?"

"ಏನಂದಿ?"

"ಸೀರಿ ಒಲ್ಲೆ ಅಂದಿ. ಉಂಗುರ ಒಲ್ಲೆ ಅಂದಿ. ಅದೊಂದನ್ನ ಬೆಟ್ಟು ಮಾಡಿ ಕೇಳಿದಿ. ನೀ ಓದಿದಾಕಿ. ಅದಕ್ಕ ಕೇಳಾಕತ್ತೇನಿ, ಮತ್ತೇನಿಲ್ಲ."

ನಾನು ಫೋನು ಇಟ್ಟೆ. ಇಡುವ ಮುನ್ನ ಏನೇನಂದೆ ಎಂಬುದು ನನಗಿಂತ ನನ್ನ ಗಂಡನಿಗೆ ಚೆನ್ನಾಗಿ ನೆನಪಿದೆ. ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲವಂತೆ.

ಆ ಶ್ರಾವಣದಲ್ಲಿ ತಮ್ಮ ಪಂಚಮಿಗೆ ಕರೆಯಲು ಬರಲಿಲ್ಲ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ನಾಗರ ಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ, ಜೋಕಾಲಿಯ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು. ಅವರು ಬಂದರೆ ತವರಿನ ಬಾಗಿಲು ತೆರೆದಿದೆ ಎಂದು ಅರ್ಥ. ಬರದಿದ್ದರೆ ಏನರ್ಥ ಎಂದು ಓಣಿಯ ಹೆಂಗಸರು ನಿಮ್ಮ ಪರವಾಗಿ ಲೆಕ್ಕ ಹಾಕುತ್ತಾರೆ. ಮದುವೆಯಾದಾಗಿನಿಂದ ಮೊದಲು ಅಪ್ಪ ಬಸ್ಸಿನಲ್ಲಿ ಬರುತ್ತಿದ್ದ, ಆಮೇಲೆ ತಮ್ಮ ಕಾರಿನಲ್ಲಿ. "ಐವತ್ತು ದಾಟಿದ ಹೆಂಗಸಿಗೆ ಇನ್ನೂ ಜೋಕಾಲಿ ಬೇಕೇನು" ಎಂದು ನನ್ನ ಗಂಡ ಪ್ರತಿವರ್ಷ ಕಾಡುತ್ತಿದ್ದರು. ಆ ವರ್ಷ ಅವರೂ ಕಾಡಲಿಲ್ಲ. ಪೇಟೆಯಿಂದ ಶೇಂಗಾ ಉಂಡಿ ತಂದು ಡಬ್ಬಿಗೆ ಹಾಕಿಟ್ಟರು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ. ಅಪ್ಪ ಹೋದದ್ದು ನನಗೆ ಆವತ್ತು ಎರಡನೆಯ ಸಲ ಗೊತ್ತಾಯಿತು.

ಸಿಟ್ಟು ಆರಿದ ಮೇಲೆ ಭಯ ಉಳಿಯಿತು. ಹಾಳಾದ್ದನ್ನು ಅವನಿಗೇ ತಿರುಗಿ ಕೊಟ್ಟುಬಿಡಲೇ ಎಂದುಕೊಂಡೆ. ಕೊಟ್ಟರೆ, 'ಸಿಕ್ಕಿಬಿದ್ದಳು, ಅದಕ್ಕೇ ಕೊಟ್ಟಳು' ಎಂದಾಗುತ್ತದೆ. ಕೊಡದಿದ್ದರೆ, 'ನುಂಗಿದಳು' ಎಂದಾಗುತ್ತದೆ. ಅದಕ್ಕಿರುವುದು ಒಂದೇ ದಾರಿ: ಬಲ್ಲವರಿಗೆ ತೋರಿಸಿ ಬೆಲೆ ಕಟ್ಟಿಸುವುದು. ಹಳೆಯ ವಸ್ತು ಕೈಗೆ ಬಂದವರೆಲ್ಲ ಅದು ಲಕ್ಷ ಬಾಳಲಿ ಎಂದು ದೇವರಿಗೆ ಹರಕೆ ಹೊರುತ್ತಾರೆ. ನಾನು ಮಾತ್ರ, ದೇವರೇ, ಇದು ಕವಡೆ ಕಾಸಿನ ಕಿಮ್ಮತ್ತಿನದಾಗಿರಲಿ ಎಂದು ಬೇಡಿಕೊಂಡೆ.

ಶಾಲೆಯ ವಿಜ್ಞಾನದ ಮಾಸ್ತರು ಇಂಟರ್‌ನೆಟ್ಟಿನಲ್ಲಿ ಹುಡುಕಿ ತೋರಿಸಿದರು. ನೂರಾರು ಕರೀ ಕ್ಲಾರ್ನೆಟ್ಟುಗಳು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ಬೆಲೆ ಬದನೆಕಾಯಿಯದೂ ಇತ್ತು, ಬಂಗಾರದ್ದೂ ಇತ್ತು. ಮೈ ಕಟ್ಟಿಗೆಯದೋ ಗಟ್ಟಿ ರಬ್ಬರಿನದೋ, ಬಳೆಗಳು ಯಾವುದರವು, ಮಾಡಿದವರ ಮುದ್ರೆ ಯಾವುದು ಎಂದು ತಿಳಿಯದೆ ಏನೂ ಹೇಳಲಾಗದು ಎಂದು ಅಲ್ಲಿ ಬರೆದಿತ್ತು. ಅಪ್ಪನ ಎಣ್ಣೆ ಕುಂಕುಮ ಸೇರಿ ಕಲ್ಲಾಗಿ, ಮುದ್ರೆಯಿರಬೇಕಾದ ಜಾಗದಲ್ಲಿ ಒಂದು ಕರೀ ಗಂಟು ಮಾತ್ರ ಕಾಣುತ್ತಿತ್ತು. ನಾನು ಕೈ ಹಚ್ಚಲು ಹೆದರಿದೆ. ಕೊನೆಗೆ ನಮ್ಮ ಹೆಡ್‌ಮಾಸ್ತರು ರಾಣೇಬೆನ್ನೂರಿನ ಒಬ್ಬರ ವಿಳಾಸ ಕೊಟ್ಟರು. ಪೊಲೀಸ್ ಬ್ಯಾಂಡಿನಲ್ಲಿ ಆಯುಷ್ಯವೆಲ್ಲ ಕ್ಲಾರ್ನೆಟ್ ಊದಿ ನಿವೃತ್ತರಾದವರು.

ಮಾಘದ ಒಂದು ರವಿವಾರ ಹೋದೆ. ಆ ಮನುಷ್ಯನಿಗೆ ತನ್ನ ಬಗ್ಗೆ ಕಡಿಮೆ ಅಭಿಮಾನವೇನಿರಲಿಲ್ಲ. ಗೋಡೆಯ ತುಂಬ ಅವರದೇ ಫೋಟೊ: ಇವರ ಮುಂದೆ ಊದಿದ್ದು, ಅವರ ಮುಂದೆ ಊದಿದ್ದು. ಒಂದೊಂದನ್ನೂ ಬೆರಳಿಟ್ಟು ತೋರಿಸಿದರು. ಚಹಾ ಬಂತು, ಅವಲಕ್ಕಿ ಬಂತು. ನನ್ನ ತೊಡೆಯ ಮೇಲಿನ ಕ್ಲಾರ್ನೆಟ್ಟಿನ ಪೆಟ್ಟಿಗೆಯನ್ನು ಮಾತ್ರ ಅವರು ಕೇಳಲಿಲ್ಲ. ಮದುವೆಗೆ ಬಂದವರು ವರನನ್ನೇ ವಿಚಾರಿಸದಂತಾಯಿತು. ನಾನೇ ಬಿಚ್ಚಿ ಮುಂದಿಟ್ಟೆ.

ಕೈಗೆ ತೆಗೆದುಕೊಂಡ ಮೇಲೆ ಅವರ ಮಾತು ನಿಂತಿತು. ಹೆಬ್ಬೆಟ್ಟಿನಿಂದ ಒಂದೇ ಕಡೆ ಬಿಸಿಯಾಗುವವರೆಗೆ ತಿಕ್ಕಿ ಮೂಸಿ ನೋಡಿದರು. ನನಗೂ ಮೂಸಲು ಕೊಟ್ಟರು.

"ಗಟ್ಟಿ ರಬ್ಬರಿದ್ರ ತಿಕ್ಕಿದಾಗ ಗಂಧಕದ ವಾಸನಿ ಬರ್ತೈತ್ರಿ. ಇದು ಕಟಗಿ. ಆಫ್ರಿಕಾದ ಕರೀ ಕಟಗಿ. ಖರೇ ಮಾಲು."

ನಾನು ದೇವರಲ್ಲಿ ಬೇಡಿಕೊಂಡದ್ದು ಅಲ್ಲಿಗೆ ಅರ್ಧ ಮುರಿದುಬಿತ್ತು.

"ಬಳಿ ಹಸ್ತಿದಂತದ್ದು ಏನ್ರಿ?" ಎಂದೆ.

ಅವರು ಉಗುರಿನಿಂದ ಕೆರೆದರು. ಬೆಳ್ಳಗಿನ ಪುಡಿ ಉದುರಿ ಒಳಗಿನಿಂದ ಲೋಹ ಮಿನುಗಿತು. "ಎಲ್ಲೀ ಹಸ್ತಿದಂತ ತಗೀರಿ. ಇದು ಜರ್ಮನ್ ಬೆಳ್ಳಿ. ಮ್ಯಾಲ ಇದ್ದದ್ದು ನಿಮ್ಮ ಇಭೂತಿ." ಮುಂಬೈಯ ವ್ಯಾಪಾರಿ ಫೋಟೊದಲ್ಲಿ ನೋಡಿ ಬೆರಗಾದದ್ದು ಅಪ್ಪನ ವಿಭೂತಿಗೆ. ನನಗೆ ನಗು ತಡೆಯಲಾಗಲಿಲ್ಲ. ಅರ್ಧ ಜೀವ ಬಂದಂತಾಯಿತು.

ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ, ಆ ಕರೀ ಗಂಟನ್ನು ನೆನೆಸಿ ನೆನೆಸಿ ಬಿಡಿಸಿದರು. ಅಪ್ಪನ ಅಷ್ಟೂ ನವಮಿಗಳ ಭಕ್ತಿ ಹತ್ತಿಯ ಮೇಲೆ ಕೆಂಪು ಕೆಸರಾಗಿ ಬಂತು. ಅಡಿಯಲ್ಲಿ ಲಂಡನ್ನಿನ ಒಂದು ಕಂಪನಿಯ ಹೆಸರು, ಅದರ ಕೆಳಗೆ ಎರಡು ಅಕ್ಷರ. ಆ ಎರಡು ಅಕ್ಷರ ಕಂಡದ್ದೇ ಆ ಮನುಷ್ಯ ತೊಡೆ ಚಪ್ಪರಿಸಿ ನಕ್ಕರು.

"ಹತ್ತೇರಿ ಇದರ! ಎಚ್.ಪಿ. ನೋಡ್ರಿ ಇಲ್ಲಿ. ಹೈ ಪಿಚ್."

ನಮ್ಮ ಸೀಮೆಯಲ್ಲಿ ಎಚ್.ಪಿ. ಅಂದರೆ ಪಂಪ್‌ಸೆಟ್ಟು. ನನ್ನ ಗಂಡ ಅಲ್ಲಿದ್ದಿದ್ದರೆ ಇದು ಎಷ್ಟು ಎಕರೆಗೆ ನೀರು ಎತ್ತುತ್ತದೆ ಎಂದು ಕೇಳುತ್ತಿದ್ದರು. ಹಾಗೆಂದರೇನು ಎಂದು ನಾನು ಕೇಳಿದೆ. ಆ ಬ್ಯಾಂಡಿನವರು ಬಿಡಿಸಿ ಹೇಳಿದರು.

"ಹಿಂದಕ ಇಂಗ್ಲೀಷರ ಪಲ್ಟನ್ ಬ್ಯಾಂಡಿನಾಗ ಶ್ರುತಿ ಏರಿಸಿ ಇಟ್ಟಿದ್ರು. ಅವರ ವಾದ್ಯ ಎಲ್ಲಾ ಅದೇ ಏರಿನವು, ತಮ್ಮ ತಮ್ಮೊಳಗ ಚೊಲೋ ಕೂಡ್ತಿದ್ವು. ಆಮ್ಯಾಲ ಜಗತ್ತಿನ ಮಂದಿ ಎಲ್ಲಾರೂ ಇಳಿಸಿಕೊಂಡ್ರು. ಇವು ಮ್ಯಾಲ ಉಳದ್ವು. ಈಗ ಇವು ಯಾರ ಜೋಡಿನೂ ಕೂಡೂದಿಲ್ಲ."

ತಮ್ಮ ಕ್ಲಾರ್ನೆಟ್ಟಿನ ಊದುವ ಮೂತಿಯನ್ನು ಅದಕ್ಕೆ ಸಿಕ್ಕಿಸಿ ಒಂದು ಸ್ವರ ಹಿಡಿದು ಊದಿದರು. ಆಮೇಲೆ ಹಾರ್ಮೋನಿಯಂ ಎಳೆದುಕೊಂಡು ಅದರ ಒಂದು ಕರೀ ಮನೆ ಒತ್ತಿದರು, ಪಕ್ಕದ ಬಿಳೀ ಮನೆ ಒತ್ತಿದರು.

"ಕೇಳ್ರಿ. ಕರೀ ಒಂದಕ್ಕ ಇಟ್ಟರ ಮ್ಯಾಲ ಹೋಗ್ತೈತಿ. ಬಿಳೀ ಎರಡಕ್ಕ ಇಟ್ಟರ ಕೆಳಗ ಬೀಳ್ತೈತಿ. ನಡುವ ನಿಂತೈತಿ ಇದು. ಎಂಥಾ ಉಸ್ತಾದ ಬಂದ್ರೂ ಇದನ್ನ ಹಾರ್ಮೋನಿಯಂ ಪೆಟ್ಟಿಗಿ ಜೋಡಿ ಕೂಡ್ಸಾಕ ಆಗೂದಿಲ್ಲ."

"ಜೋಡಣಿ ಎಳೆದು ಇಳಿಸಾಕ ಬರೂದಿಲ್ಲೇನ್ರಿ?"

"ಎಳೀಬಹುದು. ಒಂದು ಸ್ವರ ಸರಿಹೋದ್ರ ಇನ್ನೊಂದು ಕೆಡ್ತೈತಿ. ಅರಿವಿ ಸಣ್ಣದಾಗಿದ್ರ ಹೆಂಗ ಎಳೆದ್ರೂ ಒಂದು ಕಡೆ ಮೈ ಕಾಣ್ತೈತಿ ನೋಡ್ರಿ, ಹಂಗ."

ನನಗೆ ಬೇಕಾದದ್ದು ಬೆಲೆ. ಅದನ್ನೇ ಕೇಳಿದೆ.

"ಊದಾವ್ರು ಯಾರೂ ತಗೊಳ್ಳೂದಿಲ್ರಿ. ಷೋಕೇಸಿನಾಗ ಇಡಾವ್ರು ಅಷ್ಟಿಷ್ಟು ಕೊಟ್ಟಾರು. ಲಕ್ಷ ಅಂದಾವಗ ತಲಿ ಕೆಟ್ಟೈತಿ. ಇಂಥಾವು ಆ ದೇಶದಾಗ ಮನಿಮನಿ ಅಟ್ಟದ ಮ್ಯಾಲ ಬಿದ್ದಿರ್ತಾವು."

ಆ ಮಾತನ್ನು ಮತ್ತೊಮ್ಮೆ ಹೇಳಿಸಿ ಮೊಬೈಲಿನಲ್ಲಿ ತುಂಬಿಸಿಕೊಂಡೆ. ಸಾಕ್ಷಿ ಬೇಕಲ್ಲ. ನಾನು ಹೊರಟು ನಿಂತಾಗ ಅವರು ಏನನ್ನಿಸಿತೋ, ಕೂತಲ್ಲೇ ಕಣ್ಣು ಮುಚ್ಚಿ ಅದನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಊದಿದರು. ನಮ್ಮ ಮಾಳಿಗೆಯ ದನಿ ಅದೇ.

"ಒಂಟಿ ಊದಿದ್ರ ಇದರಂಥಾದ್ದು ಇಲ್ರಿ" ಎಂದು ಕೆಳಗಿಟ್ಟರು. "ಯಾರು ಊದ್ತಿದ್ರು?"

"ನಮ್ಮಪ್ಪ."

"ಪಾಪ. ಭಾಳ ತ್ರಾಸು ತಗೊಂಡಿರಬೇಕು."

ಈ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಗೆದ್ದ ಹುರುಪಿನಲ್ಲಿದ್ದೆ. ಹಾವೇರಿಗೆ ತಿರುಗಿ ಹೋಗುವ ಬದಲು ಬ್ಯಾಡಗಿಯ ಬಸ್ಸನ್ನೇ ಹತ್ತಿದೆ. ಇವತ್ತೇ ತಮ್ಮನ ಮುಂದೆ ಇದನ್ನು ಕುಕ್ಕಿ, ಮೊಬೈಲಿನ ಮಾತು ಕೇಳಿಸಿ, ಅವನ ಮೂತಿ ಸಣ್ಣದಾಗುವುದನ್ನು ನೋಡಬೇಕು; ನೋಡಿದ ಮೇಲೆ ಮನೆಗೆ ಹೋಗಿ ಅವನ ಹೆಂಡತಿಯ ಕೈಯ ರೊಟ್ಟಿ ಉಣ್ಣಬೇಕು. ನನ್ನ ಯೋಜನೆ ಇಷ್ಟೇ. ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗುವಾಗ ಆ ಮುದುಕನ ಮಾತು ನನ್ನನ್ನು ಹಿಡಿಯಿತು. ಯಾರ ಜೋಡಿಯೂ ಕೂಡುವುದಿಲ್ಲ. ಎಂಥ ಉಸ್ತಾದ ಬಂದರೂ ಕೂಡುವುದಿಲ್ಲ.

ಹಾಗಾದರೆ ಅಪ್ಪನ ಕಿವಿ ಸರಿಯಾಗಿಯೇ ಇತ್ತು. ನಾಟಕ ಕಂಪನಿಯ ಆ ಮಾಸ್ತರನ ಮುಂದೆ, ಗುಡಿಯ ಅರಿವೆ ಅಂಗಡಿಯವನ ಮುಂದೆ, ಅಪ್ಪ ಸರಿಯಾಗಿಯೇ ಊದಿದ್ದ. ಇದರಲ್ಲಿ ದೋಷವಿದೆಯೇನೋ ಎಂದು ಅವನೊಬ್ಬನೇ ಸರಿಯಾಗಿ ಕಂಡುಕೊಂಡಿದ್ದ. ಎಲ್ಲರೂ ಸೇರಿ ಗಾದೆ ಹೇಳಿ ಅವನ ಬಾಯಿ ಮುಚ್ಚಿಸಿದರು. ನೆಲ ಖರೇ ಡೊಂಕಿತ್ತು. ಕುಣಿಯುವವನು ಡೊಂಕಿರಲಿಲ್ಲ. ನಾನು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಅತ್ತೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು, "ಯಾರರ ತೀರ್ಕೊಂಡ್ರೇನ್ರಿ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಮೆಣಸಿನಕಾಯಿ ಸುಗ್ಗಿ. ಅಂಗಡಿಯ ತುಂಬ ಚೀಲಗಳು, ಹಮಾಲರು, ಕೆಂಪು ಧೂಳು. ರವಿವಾರವಾದರೂ ಸುಗ್ಗಿಯಲ್ಲಿ ತಮ್ಮ ಗಾದಿ ಬಿಟ್ಟು ಏಳುವವನಲ್ಲ. ನನ್ನನ್ನು ನೋಡಿ ಅವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. "ಬಾ ಅಕ್ಕಾ, ಕುಂದರು" ಎಂದ, ಆದರೆ ಮುಖ ಚೀಲಗಳ ಕಡೆ ಇತ್ತು. ನಾನು ಪೆಟ್ಟಿಗೆ ಗಾದಿಯ ಮೇಲಿಟ್ಟು ಮೊಬೈಲಿನ ಮಾತು ಕೇಳಿಸಿದೆ.

ಅವನು ಪೂರ್ತಿ ಕೇಳಿ ತುಟಿ ಓರೆ ಮಾಡಿದ. "ನಿನಗ ಬೇಕಾದ್ದನ್ನ ಹೇಳಿಸಿಕೊಂಡು ಬಂದಿ. ನಾವೂ ವ್ಯಾಪಾರ ಮಾಡಾವ್ರು ಅಕ್ಕಾ. ಮಾಲು ತಗೊಳ್ಳಾವ ಮೊದಲು ಅದನ್ನ ಹಳೀತಾನ."

"ಅವರೇನೂ ತಗೊಳ್ಳಾಕ ನಿಂತಿಲ್ಲೋ."

"ಇರಲಿ. ಅಪ್ಪ ಇದ್ದಾಗ ಇದನ್ನ ಹುಬ್ಬಳ್ಳಿಯಾಗ ತೋರಿಸಿಯಾಗೇತಿ. ನಂಬರ್ ಒನ್ ಮಾಲು, ಏನೇನೂ ದೋಷ ಇಲ್ಲ ಅಂದಾರ. ಇವತ್ತು ನಿನ್ನ ಪೊಲೀಸ್ ಬ್ಯಾಂಡಿನವಗ ದೋಷ ಕಾಣ್ತೇನು?"

ನನಗೆ ಅರ್ಥವಾಗಲಿಲ್ಲ. "ಯಾರು ತೋರಿಸಿದ್ರು? ಯಾವಾಗ?"

"ನಾನ. ಅಪ್ಪ ತೀರ್ಕೊಳ್ಳೂದಕ್ಕ ಎರಡು ಮೂರು ವರ್ಷ ಮೊದಲು. ಹುಬ್ಬಳ್ಳಿಗೆ ಹೊಂಟಿದ್ದೆ, ಇದನ್ನ ಕೈಯಾಗ ಕೊಟ್ಟ. 'ಬಲ್ಲವ್ರಿಗೆ ತೋರಿಸ್ಕೊಂಡು ಬಾ, ಇದರಾಗ ಏನರ ದೋಷ ಐತೇನು ಕೇಳು' ಅಂದಿದ್ದ."

"ಯಾರಿಗೆ ತೋರಿಸಿದಿ?"

ಅವನು ಒಬ್ಬ ಹಮಾಲನಿಗೆ ಸುಮ್ಮಸುಮ್ಮನೆ ಬಯ್ದ. ನಾನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಏರಿದ ಶ್ರುತಿಯ ಮಾತು, ಕರೀ ಒಂದರ ಮಾತು, ಬಿಳೀ ಎರಡರ ಮಾತು. ಅವನು ತೊಟ್ಟಿಲಲ್ಲಿದ್ದಾಗ ಗುಡಿಯಲ್ಲಿ ನಡೆದದ್ದನ್ನೂ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ನಾಟಕ ಕಂಪನಿಯ ಕಥೆ ಅವನ ಪಾಲಿಗೆ ಅಪ್ಪನ ಒಂದು ನಗೆಮಾತು, ಅಷ್ಟೇ. ನಾನು ಹೇಳುತ್ತ ಹೋದಂತೆ ಅವನ ಮುಖದ ಬಣ್ಣ ಇಳಿಯಿತು. ಹಮಾಲರನ್ನು ಚಹಾಕ್ಕೆ ಕಳಿಸಿದ.

"ಅಕ್ಕಾ, ನಾ ಯಾರಿಗೂ ತೋರಿಸಿರಲಿಲ್ಲ" ಎಂದ. "ಗಾಡಿ ಡಿಕ್ಕಿಯಾಗ ಇಟ್ಟಿದ್ದೆ. ಗಡಿಬಿಡಿಯಾಗ ಮರ್ತೆ. ಹಂಗ ತಿರುಗಿ ತಂದೆ. ಅಪ್ಪ ಬಾಗಲದಾಗ ಕುಂತಿದ್ದ. 'ಏನಂದ್ರು?' ಅಂತ ಕೇಳಿದ. ಮರ್ತೆ ಅಂದ್ರ ಮನಸ್ಸಿಗೆ ಹಚ್ಕೋತಾನ ಅಂತ... 'ಇಂಥಾ ಮಾಲು ಈಗ ಸಿಗೂದಿಲ್ಲ ಅಂದ್ರು, ಏನೂ ದೋಷ ಇಲ್ಲಂತ' ಅಂದುಬಿಟ್ಟೆ. ಖುಷಿ ಆಗ್ತಾನ ಅಂತ ತಿಳದಿದ್ದೆ."

ಅವನ ಕಣ್ಣಲ್ಲಿ ನೀರಿತ್ತು. ಘಾಟಿಗೆ ಬಂದದ್ದಲ್ಲ, ಆ ಅಂಗಡಿಯಲ್ಲಿ ಬೆಳೆದ ನಮಗೆ ಘಾಟು ತಾಗುವುದಿಲ್ಲ.

ಅವನು ಯಾಕೆ ಹಾಗೆ ಹೇಳಿದ ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅದು ದಲಾಲಿ ಅಂಗಡಿಯ ನಾಲಗೆ. ರೈತ ಚೀಲ ಬಿಚ್ಚಿದ ಕೂಡಲೇ ಮೊದಲು ಬಣ್ಣ ಹೊಗಳಬೇಕು, ಆಮೇಲೆ ಉಳಿದ ಮಾತು. ವರ್ಷವೆಲ್ಲ ದುಡಿದು ತಂದವನ ಮುಖದ ಮೇಲೆ ಮಾಲಿಗೆ ಹೆಸರಿಡಬಾರದು ಎಂದು ಅಪ್ಪನೇ ಅವನಿಗೆ ಕಲಿಸಿದ್ದ. ಅಪ್ಪನೂ ತನ್ನ ಮಾಲಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಲು ಬಾಗಿಲಲ್ಲಿ ಕೂತಿದ್ದಾನೆಂದು ಮಗ ತಿಳಿದ. ಆದರೆ ಆಯುಷ್ಯದಲ್ಲಿ ಒಮ್ಮೆ, ಒಂದೇ ಒಂದು ಸಲ, ಒಬ್ಬ ಮನುಷ್ಯ ತನ್ನ ಮಾಲಿನಲ್ಲಿ ದೋಷವಿದೆ ಎಂದು ಕೇಳಿಸಿಕೊಳ್ಳಲು ಕೂತಿದ್ದ. ಇನ್ನೊಂದು ತಮಾಷೆಯೆಂದರೆ, ತಾನೇ ಹುಟ್ಟಿಸಿದ ಮಾತನ್ನು ಹೇಳಿ ಹೇಳಿ ತಮ್ಮ ತಾನೇ ನಂಬಿದ್ದ. ಅದನ್ನು ನಂಬಿಯೇ ನನ್ನನ್ನು ಕಳ್ಳಿ ಮಾಡಿದ್ದ.

ಅವನನ್ನು ಬಯ್ಯಲು ನನ್ನ ಬಾಯಿಗೆ ಮಾತೇ ಬರಲಿಲ್ಲ. ಸಿಟ್ಟಿನವಳಿಗೆ ಮಾತು ಬರದಿದ್ದರೆ ಅದು ಸಿಟ್ಟಿಗಿಂತ ಕೆಟ್ಟದ್ದು. ಪೆಟ್ಟಿಗೆ ಎತ್ತಿಕೊಂಡು ಎದ್ದೆ. "ಅಕ್ಕಾ, ಮನಿಗೆ ಹೋಗಿ ಉಂಡು ಹೋಗು" ಎಂದ. ತಿರುಗಿ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದೆ. ಯಾವುದಕ್ಕಾಗಿ ಇಡೀ ದಿನ ಓಡಾಡಿದ್ದೆನೋ ಆ ಬೆಲೆಯ ವಿಷಯ ಇಬ್ಬರಿಗೂ ಮರೆತೇ ಹೋಗಿತ್ತು.

ಅಲ್ಲಿಂದ ಮುಂದೆ ಫೋನು ಮಾಡುವವನು ಅವನು, ಎತ್ತದವಳು ನಾನು. ಯುಗಾದಿಗೆ ಮಾಡಿದ, ಎತ್ತಲಿಲ್ಲ. ಬಸವ ಜಯಂತಿಗೆ ಮಾಡಿದ, ಎತ್ತಲಿಲ್ಲ. "ಅಂವಗ ಅಪ್ಪ ಅಲ್ಲೇನು?" ಎಂದು ನನ್ನ ಗಂಡ ಒಮ್ಮೆ ಕೇಳಿದರು. ಅವರ ಮೇಲೂ ಹರಿಹಾಯ್ದೆ. ಕ್ಲಾರ್ನೆಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ತಮ್ಮ ನನ್ನ ಮೇಲೆ ಸಂಶಯಪಟ್ಟದ್ದನ್ನು ನಾನು ಎಂದೋ ನುಂಗಿಕೊಂಡಿದ್ದೆ. ಬಾಗಿಲಲ್ಲಿ ಕೂತು 'ಏನಂದ್ರು' ಎಂದು ಕೇಳಿದ ಅಪ್ಪನನ್ನು ನುಂಗಿಕೊಳ್ಳಲು ಆಗಲಿಲ್ಲ.

ಶ್ರಾವಣ ಬಂತು. ಹಬ್ಬ ಶುರುವಾಗುವ ರೊಟ್ಟಿ ಪಂಚಮಿಯ ದಿನ ಮಧ್ಯಾಹ್ನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಪ್ರತಿಸಲ ಓಣಿಯ ತಿರುವಿನಿಂದಲೇ ಹಾರ್ನು ಬಾರಿಸುತ್ತ ಬರುತ್ತಿದ್ದವನು ಚಪ್ಪಲಿಯ ಸದ್ದೂ ಆಗದಂತೆ ಬಂದು ನಿಂತಿದ್ದ. ಸೊರಗಿದ್ದ. ಗಡ್ಡದಲ್ಲಿ ಬಿಳಿ ಕೂದಲು ಕಾಣುತ್ತಿತ್ತು.

"ಕರಿಯಾಕ ಬಂದೇನಿ ಅಕ್ಕಾ."

ಹೋದ ವರ್ಷ ಈ ಒಂದು ಮಾತಿಗಾಗಿ ನಾನು ಬಚ್ಚಲಲ್ಲಿ ನಿಂತು ಅತ್ತಿದ್ದೆ. ಈಗ ಅವನು ಬಂದು ಹೇಳುತ್ತಿದ್ದರೆ ಅವನ ಮುಖ ನೋಡಲು ನನ್ನಿಂದ ಆಗುತ್ತಿಲ್ಲ. ನೀರು ಕೊಟ್ಟೆ. ಕುಡಿದು ತಂಬಿಗೆ ಕೆಳಗಿಟ್ಟು, ಹೊಸ್ತಿಲ ಹೊರಗೇ ನಿಂತ. ಒಳಗೆ ಬಾ ಎಂದು ನಾನೂ ಅನ್ನಲಿಲ್ಲ. ಆರು ತಿಂಗಳು ನನ್ನನ್ನು ಕೊರೆದದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿದ್ದವನು ಜಗತ್ತಿನಲ್ಲಿ ಅವನೊಬ್ಬನೇ.

"ಏನೂ ದೋಷ ಇಲ್ಲಂತ ನೀ ಹೇಳಿದಿ ನೋಡು, ಆವಾಗ ಅಪ್ಪ ಏನಂದ?"

ಅವನು ಚೌಕಟ್ಟಿಗೆ ಕೈಯಿಟ್ಟ. ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ.

"'ಹೌದಾ? ಚೊಲೋ ಆತು ಬಿಡು' ಅಂದ. 'ಇಷ್ಟು ವರ್ಷ ಅದರ ಮ್ಯಾಲ ಸಂಶೇ ಪಟ್ಟೆ ನೋಡಪಾ, ಪಾಪ ಅನಸ್ತೈತಿ. ನನ್ನ ಕಿವೀನ ಹಂಗಿತ್ತು' ಅಂದ."

"ಆಮ್ಯಾಲ?"

"ಆಮ್ಯಾಲ ಅದನ್ನ ಒರಸಿ ಸುತ್ತಿ ದೇವರ ಮಾಡಿನಾಗ ಇಟ್ಟ. ಮತ್ತ ನವಮಿಗೆ ಬಿಟ್ಟರ ತಗೀಲಿಲ್ಲ."

ಕೊನೆಯ ವರ್ಷಗಳಲ್ಲಿ ಅಪ್ಪ ಮಾಳಿಗೆ ಹತ್ತುವುದನ್ನು ಬಿಟ್ಟದ್ದು ಉಬ್ಬಸಕ್ಕೆ ಎಂದು ನಾನು ತಿಳಿದಿದ್ದೆ. ಡಾಕ್ಟರಿಗೂ ಹಾಗೇ ಹೇಳಿದ್ದೆ.

ತಮ್ಮ ಹೊಸ್ತಿಲ ಮೇಲೆ ಕುಸಿದು ಕೂತು, ಸಣ್ಣವನಿದ್ದಾಗ ಅಳುತ್ತಿದ್ದಂತೆ ಮೊಣಕಾಲಿಗೆ ಮುಖವಿಟ್ಟು ಅಳತೊಡಗಿದ. ನಾನು ಅವನನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿದೆ, ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡು ಬಂದು, "ಏಳು, ಹೊತ್ತಾತು" ಎಂದೆ. ಕ್ಷಮಿಸಿದೆನೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಅವನನ್ನು ಬಿಟ್ಟರೆ, ಅಪ್ಪನನ್ನು ನೆನೆದು ನನ್ನ ಜೊತೆ ಅಳುವವರು ನನಗೆ ಇನ್ನು ಯಾರೂ ಇರಲಿಲ್ಲ.